90 ದಿನದ ಪರೀಕ್ಷೆ ಯಾರಿಗೆ?

ಪ್ರಶ್ನೆ: ನನಗೆ 35 ವರ್ಷ. ಅಮೆರಿಕದ ಪೌರತ್ವ ಸಿಕ್ಕಿ ಮೂರು ವರ್ಷವಾಯಿತು. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ನರ್ಸ್ ಆಗಿರುವ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ. ಕಳೆದ ವರ್ಷ ಎರಡು ಸಲ ಹೋಗಿ ಬಂದೆ. ಇಬ್ಬರಿಗೂ ಇದು ಮೊದಲ ಮದುವೆ. ಅವಳನ್ನು ಭಾವೀ ಪತ್ನಿಗೆ ಕೊಡುವ ಕೆ-1 ಫಿಯಾನ್ಸೆ ವೀಸಾದಲ್ಲಿ ಕರೆಸಿಕೊಳ್ಳಲೋ ಅಥವಾ ಅಲ್ಲೇ ಮದುವೆಯಾಗಿ ಹೆಂಡತಿಯ ವೀಸಾಕ್ಕೆ ಅರ್ಜಿ ಹಾಕಲೋ ತಿಳಿಯುತ್ತಿಲ್ಲ. ಕೆ-1 ಆದರೆ ಮದುವೆಗೆ ಮೊದಲು 90 ದಿನ ಜೊತೆಗಿದ್ದು ನೋಡಬಹುದು ಎಂಬುದು ನನ್ನ ಲೆಕ್ಕ. (ಅಪ್ಪನ ಆರೋಗ್ಯ ಕೆಟ್ಟರೆ ತಕ್ಷಣ ಹೊರಟು ಬರಬಹುದೇ ಎಂದು ಅವಳು ಕೇಳುತ್ತಿರುತ್ತಾಳೆ.) ಪ್ರವಾಸಿ ವೀಸಾದಲ್ಲಿ ಕರೆಸಿ ಇಲ್ಲೇ ತಾಳಿ ಕಟ್ಟು ಎನ್ನುತ್ತಾನೆ ಗೆಳೆಯ. ಯಾವ ದಾರಿ ಹಿಡಿಯಲಿ?

ಉತ್ತರ: ಗೆಳೆಯನ ದಾರಿಯನ್ನು ಮೊದಲು ಬಿಟ್ಟುಬಿಡಿ. ನೆಲೆಸುವ ಉದ್ದೇಶವನ್ನು ಮುಚ್ಚಿಟ್ಟು ಊರು ನೋಡಲು ಬಂದೆ ಎಂದು ಅಧಿಕಾರಿಯ ಮುಂದೆ ಹೇಳುವುದು ವಂಚನೆ. ಅದು ಬಯಲಾದರೆ ಆಕೆಗೆ ಅಮೆರಿಕದ ಬಾಗಿಲು ಕಾಯಂ ಆಗಿ ಮುಚ್ಚಬಹುದು. ಸುಳ್ಳು ಹೇಳಬೇಕಾದವಳು ಆಕೆ. ಸಲಹೆ ಕೊಟ್ಟ ಪುಣ್ಯಾತ್ಮ ಮದುವೆಯೂಟಕ್ಕೆ ಬಂದು ಹೋಗುತ್ತಾನೆ, ಅಷ್ಟೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ಆವರಣ ಚಿಹ್ನೆಯೊಳಗೆ ಹಾಕಿದ ಒಂದೇ ಒಂದು ವಾಕ್ಯದ ಮೇಲೆ. ನಿಮ್ಮ ಲೆಕ್ಕಾಚಾರವೆಲ್ಲ ಹೊರಗಿದೆ, ಆಕೆಯ ಪ್ರಶ್ನೆ ಮಾತ್ರ ಒಳಗೆ. ಆಕೆ ಪದೇ ಪದೇ ಕೇಳುತ್ತಿದ್ದಾಳೆಂದರೆ ನೀವಿನ್ನೂ ಉತ್ತರ ಕೊಟ್ಟಿಲ್ಲವೆಂದೇ ಅರ್ಥ. ವೀಸಾ ಯಾವುದೆಂದು ತೀರ್ಮಾನಿಸಬೇಕಾದದ್ದು ಆ ಪ್ರಶ್ನೆಯೇ.

ಕೆ-1ರಲ್ಲಿ ಬಂದರೆ ಉತ್ತರ ಹೀಗಿರುತ್ತದೆ. 90 ದಿನದೊಳಗೆ ಮದುವೆಯಾಗಬೇಕು. ಆಮೇಲೆ ಗ್ರೀನ್ ಕಾರ್ಡ್‌ಗಾಗಿ ಐ-485 ಅರ್ಜಿ ಹಾಕಬೇಕು. 2024ರ ಏಪ್ರಿಲ್‌ನಲ್ಲಿ ಅದರ ಶುಲ್ಕ 1,440 ಡಾಲರ್‌ಗೆ ಏರಿತು. ಅರ್ಜಿ ಬಾಕಿ ಇರುವಾಗ ‘ಅಡ್ವಾನ್ಸ್ ಪರೋಲ್’ ಎಂಬ ಮುಂಗಡ ಅನುಮತಿ ಕೈಗೆ ಬರುವ ಮೊದಲೇ ದೇಶ ಬಿಟ್ಟರೆ ಅರ್ಜಿಯನ್ನೇ ಕೈಬಿಟ್ಟಂತೆ. ಕೆಲಸಕ್ಕೂ ಪ್ರತ್ಯೇಕ ಪರವಾನಗಿ ಬರುವವರೆಗೆ ಕಾಯಬೇಕು. ಸ್ವಂತ ಸಂಬಳದಲ್ಲಿ ಬದುಕಿದ ಹೆಣ್ಣುಮಗಳು ತಿಂಗಳುಗಟ್ಟಲೆ ನಿಮ್ಮ ಮನೆಯ ಸೋಫಾದ ಮೇಲೆ ಕುಳಿತು, ಅಪ್ಪನ ಸುದ್ದಿಯನ್ನು ಮೊಬೈಲ್‌ನಲ್ಲಿ ಕೇಳುತ್ತಾ ಅಂಚೆಯ ದಾರಿ ಕಾಯುವುದನ್ನು ಒಮ್ಮೆ ಊಹಿಸಿಕೊಳ್ಳಿ.

ಇನ್ನು ನಿಮ್ಮ ‘ಜೊತೆಗಿದ್ದು ನೋಡುವ’ ಮಾತು. ಆ 90 ದಿನ ವಿಸ್ತರಣೆಯಾಗುವುದಿಲ್ಲ. ಆ ವೀಸಾವನ್ನು ಬೇರೊಂದಕ್ಕೆ ಬದಲಾಯಿಸಿಕೊಳ್ಳಲೂ ಬರುವುದಿಲ್ಲ. ನೀವು ಬೇಡವೆಂದರೆ, ಕೆಲಸ ಬಿಟ್ಟು ಬಂದವಳು ಪೆಟ್ಟಿಗೆ ಕಟ್ಟಿಕೊಂಡು ಹಿಂದಿರುಗಬೇಕು. ನೀವು ಸೋಮವಾರ ಎಂದಿನಂತೆ ಕಚೇರಿಗೆ ಹೋಗುತ್ತೀರಿ. ಪರೀಕ್ಷೆ ಬರೆಯುವವಳು ಆಕೆ, ಅಂಕ ಕೊಡುವವರು ನೀವು. ಮನಸ್ಸಿನಲ್ಲಿ ಅನುಮಾನವಿದ್ದರೆ ತಪ್ಪಲ್ಲ. ಆದರೆ ಅದನ್ನು ಪರಿಹರಿಸಿಕೊಳ್ಳಲು ನಿಮ್ಮ ರಜೆ ಖರ್ಚು ಮಾಡಿ, ಸೆಬುವಿಗೆ ಹೋಗಿ ಒಂದು ತಿಂಗಳು ಇದ್ದು ಬನ್ನಿ.

ಅನುಮಾನವಿಲ್ಲ ಎನ್ನುವುದಾದರೆ ಅಲ್ಲೇ ಮದುವೆಯಾಗಿ ಹೆಂಡತಿಯ ವೀಸಾಕ್ಕೆ, ಅಂದರೆ ಸಿಆರ್-1ಕ್ಕೆ ಹೋಗುವುದೇ ಮೇಲು. ಕಾಯುವ ಅವಧಿ ಸಾಮಾನ್ಯವಾಗಿ ಹೆಚ್ಚು, ಮದುವೆಯಾಗಿಯೂ ಅಗಲಿರಬೇಕು, ವಿಮಾನದ ಖರ್ಚು ನಿಮ್ಮ ತಲೆಗೆ. ಆದರೆ ಆಕೆ ಕಾಯುವುದು ತನ್ನ ಮನೆಯಲ್ಲಿ, ತನ್ನ ಕೆಲಸದಲ್ಲಿ, ಅಪ್ಪನ ಹತ್ತಿರ. ಬಂದಿಳಿದ ದಿನವೇ ಕಾಯಂ ನಿವಾಸಿ. ದುಡಿಯಬಹುದು, ಊರಿಗೆ ಹೋಗಿ ಬರಬಹುದು. ನರ್ಸ್ ಆಗಿ ದುಡಿಯಲು ಆಯಾ ರಾಜ್ಯದ ಪರವಾನಗಿ ಬೇರೆ ಬೇಕು, ಅದಕ್ಕೆ ಓದಲು ಈ ಕಾಯುವ ಕಾಲ ಒದಗಿಬರುತ್ತದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಬಂದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದರ ಕೊನೆಯ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಸಲ್ಲಿಸಲು ಮರೆಯಬೇಡಿ.

ಕೆ-1 ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸಲಿಂಗಿ ಜೋಡಿಯ ಮದುವೆಗೆ ಫಿಲಿಪ್ಪೀನ್ಸ್‌ನಲ್ಲಿ ಕಾನೂನಿನ ಮಾನ್ಯತೆಯಿಲ್ಲ. ಅಂಥವರಿಗೆ ನಾನೇ ಕೆ-1 ಎನ್ನುತ್ತಿದ್ದೆ. ನಿಮಗೆ ಆ ಅಡ್ಡಿಯಿಲ್ಲ.

ಆದರೂ ಇದು ನನ್ನ ಒಲವು, ತೀರ್ಮಾನ ನಿಮ್ಮಿಬ್ಬರದು. ಮುಂದಿನ ಕರೆಯಲ್ಲಿ ಅಪ್ಪನ ಕುರಿತ ಆಕೆಯ ಪ್ರಶ್ನೆಗೆ ಎರಡೂ ವೀಸಾಗಳ ಉತ್ತರವನ್ನು ಇದ್ದಂತೆ ಹೇಳಿ, ಆಕೆಗೆ ಯಾವುದು ಬೇಕೆಂದು ಕೇಳಿ. ಅಲ್ಲೇ ಮದುವೆ ಎಂದಾದರೆ ಒಂದು ವಾರದ ರಜೆ ನೆಚ್ಚಿಕೊಂಡು ಟಿಕೆಟ್ ತೆಗೆಯಬೇಡಿ. ಮದುವೆಯಾಗಲು ನಿಮಗೆ ಅಡ್ಡಿಯಿಲ್ಲವೆಂಬ ಪ್ರಮಾಣಪತ್ರವನ್ನು ಅಲ್ಲಿನ ಅಮೆರಿಕ ದೂತಾವಾಸದ ಅಧಿಕಾರಿಯ ಮುಂದೆ ಮಾಡಿಸಬೇಕು, ಮದುವೆಯ ಪರವಾನಗಿಗೆ ಅರ್ಜಿ ಹಾಕಿದ ಮೇಲೆ ಸ್ಥಳೀಯ ನೋಂದಣಿ ಕಚೇರಿಯಲ್ಲಿ 10 ದಿನ ಪ್ರಕಟಣೆ ಅಂಟಿಸುತ್ತಾರೆ. ಕೈಗೆ ಬಂದ ಪರವಾನಗಿ 120 ದಿನ ನಡೆಯುತ್ತದೆ. ಮೂರು ವಾರದ ರಜೆ ಕೇಳಿ.