ಅಜ್ಜನ ಮಳೆ ಪುಸ್ತಕಕ್ಕೆ ನಲವತ್ತು ಅಡಿಕೆ ಮರ

ಪ್ರಶ್ನೆ: ನಮ್ಮಜ್ಜ 1984ರಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಆ ಅಂಕಿಗಳನ್ನೂ ಸೆನ್ಸರ್‌ಗಳನ್ನೂ ಸೇರಿಸಿ ನಮ್ಮ ತೋಟದಲ್ಲೇ ಒಂದು ಕಲಾಕೃತಿ ಮಾಡುವ ಆಸೆ. ಮರಗಳಿಗೆ ಎಲ್‌ಇಡಿ ಸುತ್ತಿ, ಮಳೆ ಜೋರಾದಂತೆಲ್ಲ ನೀಲಿ ಬೆಳಕು ಏರುವ ಹಾಗೆ ಮಾಡಿದರೆ ಹೇಗೆ? ಅಪ್ಪ ಮಾತ್ರ, ‘ಮರಕ್ಕೆ ಕರೆಂಟು ಸುತ್ತಿದರೆ ಮರ ಹತ್ತಿ ಅಡಿಕೆ ಕೊನೆ (ಗೊನೆ) ತೆಗೆಯುವವನು ತೋಟಕ್ಕೆ ಕಾಲಿಡಲ್ಲ’ ಅಂತಿದ್ದಾರೆ.
– ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು

ಉತ್ತರ: ಅಪ್ಪ ಹೇಳಿದ್ದು ಸರಿ. ನನ್ನದೂ ಒಂದು ತಕರಾರು ಸೇರಿಸಿಕೊಳ್ಳಿ: ಮಿಂಚುಹುಳ. ಮಳೆ ಹಿಡಿಯುವ ಮುಂಚಿನ ರಾತ್ರಿಗಳಲ್ಲಿ ಅವು ಜೊತೆ ಹುಡುಕುವುದೇ ಮಿನುಗಿ ಮಿನುಗಿ. ಅಲ್ಲಿ ನಿಮ್ಮ ನೀಲಿ ದೀಪ ಉರಿದರೆ ಅವುಗಳ ಮಾತು ಅವಕ್ಕೇ ಕೇಳಿಸುವುದಿಲ್ಲ.

ಈ ಬುದ್ಧಿ ನನಗೆ ತಡವಾಗಿ ಬಂತು. ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷ ಸಾಗರದ ಹತ್ತಿರ ನಮ್ಮ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಆರು ಕಡೆ ಮಣ್ಣಿನ ತೇವ ಅಳೆಯುವ ಸೆನ್ಸರ್ ಹೂತು, ಒಂದು ಮತ್ತಿ ಮರಕ್ಕೆ ಬಲ್ಬು ಕಟ್ಟಿದ್ದೆ. ತೇವ ಹೆಚ್ಚಿದರೆ ಬೆಳಕು ಹೆಚ್ಚಬೇಕು. ಆರಿದ್ರ ಮಳೆ ಶುರುವಾಯಿತು ನೋಡಿ, ಆರೂ ಸೆನ್ಸರ್ ‘ಪೂರ್ತಿ ಒದ್ದೆ’ ಅಂದವು. ಆಮೇಲೆ ತಿಂಗಳುಗಟ್ಟಲೆ ಅದೇ ಪಾಠ! ಮಲೆನಾಡಿನ ಮಣ್ಣಿಗೆ ಮಳೆಗಾಲದಲ್ಲಿ ಹೇಳಲು ಬೇರೆ ಸುದ್ದಿ ಇರುವುದಿಲ್ಲ ಅಂತ ಯಾವ ತೋಟದವನನ್ನು ಕೇಳಿದ್ದರೂ ಹೇಳುತ್ತಿದ್ದ. ಮಣ್ಣು ಮಾತಾಡುವುದು ದೀಪಾವಳಿ ಕಳೆದು, ಒಣಗತೊಡಗಿದ ಮೇಲೆ. ಅಷ್ಟರಲ್ಲಿ ಸೆನ್ಸರ್‌ನ ಕಡ್ಡಿಗಳು ಸವೆದು ಹೋಗಿದ್ದವು. ಒದ್ದೆ ಮಣ್ಣಿನಲ್ಲಿ ಸದಾ ಕರೆಂಟು ಹರಿದರೆ ಲೋಹ ಕರಗುತ್ತದೆ. ಸೋಲಾರ್ ಫಲಕ ಮೋಡದ ಕೆಳಗೆ ಮಲಗಿತ್ತು, ಡಬ್ಬಿಯಲ್ಲಿ ಇರುವೆ ಮೊಟ್ಟೆ ಇಟ್ಟಿತ್ತು.

ನಿಮ್ಮ ಬಳಿ ಸೆನ್ಸರ್‌ಗಿಂತ ದೊಡ್ಡ ಆಸ್ತಿ ಇದೆ, ಅಜ್ಜನ ಪುಸ್ತಕ. ಅಲ್ಲಿಂದ ಶುರು ಮಾಡಿ.

ಒಂದು ಸಾಲಿನಲ್ಲಿ ನಲವತ್ತು ಅಡಿಕೆ ಮರ ಆರಿಸಿ. ಒಂದೊಂದು ಮರ ಒಂದೊಂದು ವರ್ಷ. ಆ ವರ್ಷ ಬಿದ್ದ ಒಟ್ಟು ಮಳೆ ಎಷ್ಟೋ, ಬುಡದಿಂದ ಅಷ್ಟೇ ಎತ್ತರಕ್ಕೆ ಬಣ್ಣ ಬಳಿಯಿರಿ. ಕುಗ್ಗಿಸಬೇಡಿ, ಹಿಗ್ಗಿಸಬೇಡಿ: ಮಳೆಯ ಒಂದು ಮಿಲಿಮೀಟರಿಗೆ ಮರದ ಮೇಲೂ ಒಂದೇ ಮಿಲಿಮೀಟರು. ಪುಸ್ತಕದಲ್ಲಿ 3,200 ಮಿ.ಮೀ. ಅಂತಿದ್ದರೆ ಬಣ್ಣ 3.2 ಮೀಟರು, ಹತ್ತಿರ ಹತ್ತಿರ ಎರಡಾಳು ಎತ್ತರ. (ಆಗುಂಬೆಯವರು ಈ ಆಟಕ್ಕಿಳಿದರೆ ಏಳು ಮೀಟರು ದಾಟಬೇಕಾದೀತು. ಏಣಿ ಸಾಲದು, ಕೊನೆ ತೆಗೆಯುವವನನ್ನೇ ಕರೆಯಬೇಕು.) ಒಂಬತ್ತು ಅಡಿ ಅಂತರದ ತೋಟವಾದರೆ ನಲವತ್ತು ಮರಕ್ಕೆ ನೂರು ಮೀಟರು ಮೀರಿದ ನಡಿಗೆ. ಬರಗಾಲದ ಮರದ ಬಳಿ ಬಣ್ಣ ತಲೆಯ ಹತ್ತಿರಕ್ಕೆ ಇಳಿದು ಬರುವುದನ್ನು ಕತ್ತೆತ್ತಿ ನೋಡುತ್ತಾ ನಡೆಯುವವರಿಗೆ ಗ್ರಾಫು ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣಕ್ಕೆ ಕೆಮ್ಮಣ್ಣು, ಸುಣ್ಣ ಸಾಕು. ಬಿಸಿಲಿಗೆ ಮರ ಸೀಳದಿರಲಿ ಅಂತ ಸುಣ್ಣ ಬಳಿಯುವುದು ತೋಟದವರಿಗೆ ಗೊತ್ತಿದ್ದದ್ದೇ. ನಮ್ಮ ಕಡೆ ದೀವರ ಸಮುದಾಯದ ಹೆಂಗಸರು ಗೋಡೆಯ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಯನ್ನು ಪುಂಡಿನಾರಿನ ಕುಂಚದಲ್ಲಿ ಎಳೆಯುತ್ತಾರಲ್ಲ, ಬಲ್ಲವರೊಬ್ಬರನ್ನು ಕೇಳಿ ಕಲಿಯಿರಿ. ಒಂದೊಂದು ಮಳೆ ನಕ್ಷತ್ರ ಮುಗಿದಲ್ಲಿ ಒಂದು ಬಿಳಿ ಗೆರೆ ಬರಲಿ. ಅಜ್ಜನ ಓರಗೆಯವರು ‘ಜುಲೈ ಮಳೆ’ ಅನ್ನುವುದಿಲ್ಲ, ಪುನರ್ವಸು, ಪುಷ್ಯ ಅನ್ನುತ್ತಾರೆ. ಮುಂದಿನ ಮಳೆಗಾಲ ಎಲ್ಲವನ್ನೂ ತೊಳೆದು ಹಾಕುತ್ತದೆ. ತೊಳೆಯಲಿ, ಮತ್ತೆ ಬಳಿಯಿರಿ.

ಇಂಜಿನಿಯರಿಂಗ್ ಬೇಕಾಗುವುದು ಈ ವರ್ಷದ ಮರಕ್ಕೆ. ತಿರುಗುಬಕೆಟ್ಟಿನ ಮಳೆಮಾಪಕ ಒಂದು ತನ್ನಿ. ಒಳಗಿನ ಪುಟ್ಟ ಬಕೆಟ್ಟು ಸಾಮಾನ್ಯವಾಗಿ 0.2 ಮಿ.ಮೀ. ಮಳೆಗೊಮ್ಮೆ ಮಗುಚುತ್ತದೆ, ಆಯಸ್ಕಾಂತದ ಸ್ವಿಚ್ಚು ಅದನ್ನು ಎಣಿಸುತ್ತದೆ. ಐದು ಸಲ ಮಗುಚಿದರೆ ಬುಡದ ಸಣ್ಣ ಮೋಟಾರು ಕೆಂಪು ದಾರವನ್ನು ಒಂದು ಮಿಲಿಮೀಟರು ಮೇಲೆತ್ತಲಿ. 100 ಮಿ.ಮೀ. ಹೊಡೆದ ದಿನ ದಾರ ಏರುವುದು ಅರ್ಧ ಗೇಣು. ಇಷ್ಟೇನಾ ಅನ್ನಬೇಡಿ, ಆ ಅರ್ಧ ಗೇಣು ಒಂದು ಎಕರೆಗೆ ನಾಲ್ಕು ಲಕ್ಷ ಲೀಟರು ನೀರು.

ಅಜ್ಜ ಬೆಳಿಗ್ಗೆ ಎಂಟೂವರೆಗೆ ಅಳೆಯುವುದನ್ನು ನಿಲ್ಲಿಸದಿರಲಿ. ಜಡಿಮಳೆಯಲ್ಲಿ ಬಕೆಟ್ಟು ಮಗುಚುವ ಹೊತ್ತಿಗೆ ಒಂದಿಷ್ಟು ನೀರು ಲೆಕ್ಕ ತಪ್ಪುತ್ತದೆ, ಆಲಿಕೆಗೆ ಎಲೆ ಬಿದ್ದರಂತೂ ಮುಗಿಯಿತು. ಯಂತ್ರದ್ದೊಂದು, ಅಜ್ಜನದೊಂದು ಗೆರೆ ಇರಲಿ. ನಡುವಿನ ಅಂತರ ಮುಚ್ಚಬೇಡಿ, ನನಗೆ ಅದೇ ಇಷ್ಟ.

ಬೆಳಕನ್ನು ಚೆನ್ನಾಗಿ ಬಳಸಿದವರಿಲ್ಲ ಅಂತಲ್ಲ. ಫಿನ್ಲೆಂಡಿನ ಕಲಾವಿದರಾದ ಪೆಕ್ಕಾ ನೀಟ್ಯುವಿರ್ತಾ, ಟಿಮೊ ಅಹೊ ಇಬ್ಬರೂ ಸೇರಿ 2018ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಯುಯಿಸ್ಟ್ ದ್ವೀಪದಲ್ಲಿ ಕಟ್ಟಡಗಳ ಗೋಡೆಗೆ ಬೆಳಕಿನ ಗೆರೆ ಎಳೆದರು. ಸಮುದ್ರ ಉಬ್ಬಿದಾಗ ಸೆನ್ಸರ್ ತಿಳಿದು ಗೆರೆ ಹೊತ್ತಿಕೊಳ್ಳುತ್ತಿತ್ತು: ಮುಂದೊಂದು ದಿನ ನೀರು ಬರಬಹುದಾದ ಮಟ್ಟ ಇದು ಅಂತ. ಚಿತ್ರ ನೋಡಿದಾಗ ನನಗೆ ನೆನಪಾದದ್ದು ಲಿಂಗನಮಕ್ಕಿ ಅಣೆಕಟ್ಟು. ಅದು ತುಂಬಿದಾಗಿನ ಮಟ್ಟ 1,819 ಅಡಿ ಅನ್ನುವ ಅಂಕಿ ಇಲ್ಲಿ ಮಕ್ಕಳಿಗೂ ಬಾಯಿಪಾಠ. ಆ ಗೆರೆಯ ಕೆಳಗೆ ಮನೆ ಕಳೆದುಕೊಂಡವರಿಗೆ ಅದನ್ನು ಯಾರೂ ಬೆಳಕಿನಲ್ಲಿ ಎಳೆದು ತೋರಿಸಬೇಕಾಗಿಲ್ಲ.

ಪ್ರಶ್ನೆ: ಎಲೆಗೆ ಕ್ಲಿಪ್ಪು ಹಾಕಿದರೆ ಗಿಡ ಹಾಡುತ್ತದೆ ಅನ್ನುವ ಯಂತ್ರ ನೋಡಿದೆ. ನಿಜವೇ?
– ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಎಲೆಯಲ್ಲಿ ವಿದ್ಯುತ್ತಿನ ಸಣ್ಣ ಏರುಪೇರು ಇರುವುದು ನಿಜ. ಅದನ್ನು ಕೊಳಲೋ ಪಿಯಾನೋ ಮಾಡುವುದು ಸಾಫ್ಟ್‌ವೇರು, ರಾಗ ಅದನ್ನು ಬರೆದವನದು. ಮಕ್ಕಳಿಗೆ ತೋರಿಸಿ, ಆದರೆ ಇಷ್ಟನ್ನೂ ಹೇಳಿ.

ನನ್ನನ್ನು ಕೇಳಿದರೆ ಕಲಾವಿದೆ ಕೇಟಿ ಪ್ಯಾಟರ್ಸನ್ ದಾರಿ ಮೇಲು. 2007ರಲ್ಲಿ ಆಕೆ ಐಸ್‌ಲ್ಯಾಂಡಿನಲ್ಲಿ ಹಿಮನದಿ ಕರಗಿ ಸೇರುವ ಸರೋವರಕ್ಕೆ ನೀರೊಳಗಿನ ಮೈಕು ಇಳಿಬಿಟ್ಟು ಅದನ್ನು ಫೋನಿಗೆ ಜೋಡಿಸಿದರು. ಆಗ ಆ ನಂಬರಿಗೆ ಯಾರು ಕರೆ ಮಾಡಿದರೂ ಕೇಳುತ್ತಿದ್ದದ್ದು ನೀರಿನ ಸದ್ದು, ಮೇಲೊಂದು ವಾದ್ಯವಿರಲಿಲ್ಲ. ನಿಮ್ಮ ಶಾಲೆಯ ಹಿಂದೆ ಹಳ್ಳವಿದ್ದರೆ ಮೈಕನ್ನು ಬೆಣಚುಕಲ್ಲಿನ ಸಂದಿಯಲ್ಲಿಡಿ, ಮರಳಿರುವ ಕಡೆ ಬೇಡ. ಮೊದಲ ಎರಡು ದಿನ ಏಡಿಗಳು ಬಂದು ಕೆರೆಯುವ ಸದ್ದೇ ಹೆಚ್ಚು.