ತಿರುಗುವುದಾದರೆ ಯಾವುದರ ಸುತ್ತ?

ಓದುಗರ ಪತ್ರ: ಭೂಮಿ ತಿರುಗುತ್ತದೆ, ಸೂರ್ಯ ತಿರುಗುತ್ತಾನೆ, ನಮ್ಮ ಆಕಾಶಗಂಗೆಯೂ ತಿರುಗುತ್ತದೆ. ಹಾಗಾದರೆ ಇಡೀ ವಿಶ್ವವೇ ಯಾಕೆ ತಿರುಗುತ್ತಿರಬಾರದು? ಹೀಗೆ ಕೇಳಿದ್ದಕ್ಕೆ ಭೌತಶಾಸ್ತ್ರ ಪಾಠ ಮಾಡುವ ನನ್ನ ಗೆಳೆಯರು ನಕ್ಕುಬಿಟ್ಟರು. “ವಿಶ್ವದ ಹೊರಗೆ ಏನೂ ಇಲ್ಲ. ಯಾವುದಕ್ಕೆ ಹೋಲಿಸಿ ತಿರುಗುತ್ತದೆ ಅನ್ನುತ್ತೀರಿ? ಪ್ರಶ್ನೆಯೇ ಅರ್ಥಹೀನ” ಎಂದರು. ತಾವು ಏನನ್ನುತ್ತೀರಿ?

ಸಂಪಾದಕರ ಉತ್ತರ: ಗೆಳೆಯರ ನಗುವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರ ಆಕ್ಷೇಪ ನೇರ ಚಲನೆಯ ಮಟ್ಟಿಗೆ ಸರಿ. ಕಿಟಕಿ ಮುಚ್ಚಿದ ರೈಲು ಕುಲುಕದೆ, ಒಂದೇ ವೇಗದಲ್ಲಿ ನೇರವಾಗಿ ಸಾಗುತ್ತಿದ್ದರೆ ಅದು ಓಡುತ್ತಿದೆಯೋ ನಿಂತಿದೆಯೋ ಒಳಗಿದ್ದವರಿಗೆ ತಿಳಿಯುವುದಿಲ್ಲ. ಆದರೆ ಕಣ್ಣು ಕಟ್ಟಿ ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರ್ರನೆ ತಿರುಗಿಸಿದರೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಚಿದ ಕೈಗಳು ತಾವಾಗಿ ಹೊರಕ್ಕೆ ಜಗ್ಗುತ್ತವೆ. ತಿರುಗುವ ಬಕೆಟ್ಟಿನಲ್ಲಿ ನೀರು ನಡುವೆ ತಗ್ಗಿ ಅಂಚಿನಲ್ಲಿ ಏರುವುದನ್ನು ನ್ಯೂಟನ್ 1687ರಲ್ಲೇ ವಾದಕ್ಕೆ ಬಳಸಿಕೊಂಡಿದ್ದರು. ತಿರುಗುವುದನ್ನು ಒಳಗಿದ್ದುಕೊಂಡೇ ಅಳೆಯಬಹುದು.

1851ರಲ್ಲಿ ಲಿಯೋನ್ ಫೂಕೋ ಪ್ಯಾರಿಸ್ಸಿನ ಪ್ಯಾಂಥಿಯಾನ್ ಕಟ್ಟಡದಲ್ಲಿ 67 ಮೀಟರ್ ಉದ್ದದ ತಂತಿಗೆ ಗುಂಡು ಕಟ್ಟಿ ತೂಗಿಬಿಟ್ಟರು. ಲೋಲಕ ತೂಗುವ ದಿಕ್ಕು ಗಂಟೆಗಂಟೆಗೂ ಸರಿಯುತ್ತ ಹೋಯಿತು. ಆಕಾಶದತ್ತ ತಲೆಯೆತ್ತದೆಯೇ ಭೂಮಿ ತಿರುಗುವುದನ್ನು ಜನ ಕಂಡರು. ಇಂಥದೇ ಲೋಲಕವನ್ನು ಧ್ರುವದಲ್ಲಿ ತೂಗಿಬಿಟ್ಟರೆ ದಿಕ್ಕು ಒಂದು ಸುತ್ತು ಬರಲು 23 ಗಂಟೆ 56 ನಿಮಿಷ ಹಿಡಿಯುತ್ತದೆ. ಪೂರ್ತಿ 24 ಗಂಟೆ ಆಗುವುದಿಲ್ಲ. ನಿಮ್ಮ ಪ್ರಶ್ನೆ ಅಡಗಿರುವುದು ಆ ನಾಲ್ಕು ನಿಮಿಷದಲ್ಲಿ. 24 ಗಂಟೆ ಸೂರ್ಯನ ಲೆಕ್ಕ, 23 ಗಂಟೆ 56 ನಿಮಿಷ ದೂರದ ನಕ್ಷತ್ರಗಳ ಲೆಕ್ಕ. ಮುಚ್ಚಿದ ಕೋಣೆಯೊಳಗಿನ ಗುಂಡಿಗೆ ನಕ್ಷತ್ರಗಳ ಸುದ್ದಿ ಯಾರು ತಂದುಕೊಟ್ಟರು?

ಈ ಹೊಂದಾಣಿಕೆ ಕಾಕತಾಳೀಯ ಆಗಿರಲಾರದು, ‘ತಿರುಗದೆ ಇರುವುದು’ ಎಂದರೇನು ಎಂಬುದನ್ನು ವಿಶ್ವದ ಸಮಸ್ತ ದ್ರವ್ಯವೇ ತೀರ್ಮಾನಿಸುತ್ತದೆ ಎಂಬ ವಿಚಾರ 19ನೇ ಶತಮಾನದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಅವರಿಂದ ಬಂದದ್ದು. ಅದು ಪೂರ್ತಿ ನಿಜವಾಗಿದ್ದರೆ ನಿಮ್ಮ ಗೆಳೆಯರು ಗೆದ್ದಂತೆ. ಆದರೆ ಐನ್‌ಸ್ಟೈನ್ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಅಷ್ಟು ಕಟ್ಟುನಿಟ್ಟಿನದಲ್ಲ. ಲೋಲಕ ಒಂದು ಲೆಕ್ಕ ಹೇಳಿ, ದೂರದ ಗೆಲಾಕ್ಸಿಗಳು ಇನ್ನೊಂದು ಲೆಕ್ಕ ಹೇಳುವಂಥ ವಿಶ್ವಕ್ಕೂ ಅದರ ಸಮೀಕರಣಗಳಲ್ಲಿ ಜಾಗವಿದೆ. ವಿಶ್ವ ತಿರುಗುತ್ತಿದೆ ಎಂದರೆ ಇಷ್ಟೇ ಅರ್ಥ; ಹೊರಗೆ ಏನೂ ಇರಬೇಕಾಗಿಲ್ಲ.

ಅಂಥ ವಿಶ್ವವೊಂದನ್ನು 1949ರಲ್ಲಿ ಲೆಕ್ಕಹಾಕಿ ಮುಂದಿಟ್ಟವರು ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್. ಪ್ರಿನ್ಸ್‌ಟನ್‌ನಲ್ಲಿ ಐನ್‌ಸ್ಟೈನ್ ಅವರ ಒಡನಾಡಿ. ಎಪ್ಪತ್ತು ತುಂಬಿದ ಗೆಳೆಯನಿಗೆ ಕೊಟ್ಟ ಉಡುಗೊರೆ ಇದು. ತುಸು ಕಿರಿಕಿರಿಯ ಉಡುಗೊರೆಯೇ, ಏಕೆಂದರೆ ಆ ವಿಶ್ವದಲ್ಲಿ ಮುಂದೆ ಮುಂದೆ ಪಯಣಿಸುತ್ತ ಹೋದವನು ತನ್ನದೇ ನಿನ್ನೆಗೆ ಮರಳಿ ಬರಬಹುದು. ‘ಯಾವುದರ ಸುತ್ತ’ ಎಂಬ ಪ್ರಶ್ನೆಗೂ ಅಲ್ಲೊಂದು ಸೊಗಸಾದ ಉತ್ತರವಿದೆ. ಆ ವಿಶ್ವಕ್ಕೆ ನಡುಗಂಬವೇ ಇಲ್ಲ. ಎಲ್ಲಿ ನಿಂತು ನೋಡಿದರೂ ಉಳಿದದ್ದೆಲ್ಲ ನಿಮ್ಮನ್ನೇ ಸುತ್ತುತ್ತಿರುವಂತೆ ಕಾಣುತ್ತದೆ. ಪಕ್ಕದ ಗೆಲಾಕ್ಸಿಯವನಿಗೂ ಹಾಗೆಯೇ. ಅದು ಹಿಗ್ಗದ ವಿಶ್ವವಾದ್ದರಿಂದ ನಮ್ಮದಾಗಲಾರದು. ಹಿಗ್ಗುತ್ತಲೇ ತಿರುಗುವ ಮಾದರಿಗಳನ್ನೂ ಗೋಡೆಲ್ ಆಮೇಲೆ ಕಟ್ಟಿದರು.

ಇನ್ನು ನಮ್ಮ ವಿಶ್ವದ ಮಾತು. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರ ಹೊರಟ ಬೆಳಕು ಇಂದಿಗೂ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ, 2.7 ಕೆಲ್ವಿನ್‌ನಷ್ಟು ತಣ್ಣಗಾಗಿ. ನಮ್ಮದೇ ಓಟದ ಪರಿಣಾಮವನ್ನು ಕಳೆದರೆ ಅದರಲ್ಲಿ ಉಳಿಯುವ ಏರುಪೇರು ಲಕ್ಷದಲ್ಲಿ ಒಂದು ಪಾಲು. ವಿಶ್ವ ತಿರುಗುತ್ತಿದ್ದರೆ ಈ ಬೆಳಕಿನ ನಕ್ಷೆಯಲ್ಲಿ ಸುರುಳಿಯ ಗುರುತು ಮೂಡಬೇಕು. ಈ ಜಾಡಿನಲ್ಲಿ ಬ್ಯಾರಿ ಕಾಲಿನ್ಸ್ ಮತ್ತು ಸ್ಟೀಫನ್ ಹಾಕಿಂಗ್ 1973ರಲ್ಲೇ ಲೆಕ್ಕ ಹಾಕಿದ್ದರು. 2016ರಲ್ಲಿ ಡೇನಿಯೆಲಾ ಸಾದೆ ಮತ್ತು ಸಂಗಡಿಗರು ಈ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಮಾಹಿತಿಯನ್ನು ಜಾಲಾಡಿದರು. ಸುರುಳಿ ಸಿಗಲಿಲ್ಲ. ತಿರುಗುವ ವೇಗ ಏನಾದರೂ ಇದ್ದರೆ ಅದು ಹಿಗ್ಗುವ ವೇಗದ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎಂದು ಹೇಳಿ, ವಿಶ್ವ ಎಲ್ಲ ದಿಕ್ಕಿಗೂ ಒಂದೇ ರೀತಿ ಇದೆ ಎಂಬುದರ ಪರವಾಗಿ 1,21,000ಕ್ಕೆ ಒಂದರಂತೆ ಪಣ ಕಟ್ಟಿದರು.

‘ಎಲ್ಲವೂ ತಿರುಗುತ್ತವೆ, ಆದ್ದರಿಂದ ವಿಶ್ವವೂ’ ಎಂಬ ನಿಮ್ಮ ತರ್ಕವನ್ನು ಮಾತ್ರ ನಾನು ಒಪ್ಪಲಾರೆ. ಗೆಲಾಕ್ಸಿಗಳಿಗೆ ಸುತ್ತು ಬಂದದ್ದು ನೆರೆಹೊರೆಯ ದ್ರವ್ಯದ ಸೆಳೆತದಿಂದ. ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. 2025ರಲ್ಲಿ ಲಯೋರ್ ಶಮೀರ್, ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳಲ್ಲಿನ 263 ಗೆಲಾಕ್ಸಿಗಳಲ್ಲಿ ಸುಮಾರು ಶೇಕಡ 60ರಷ್ಟು ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ ಎಂದಾಗ ದೊಡ್ಡ ಸುದ್ದಿಯಾಯಿತು. ನನಗೆ ಮೊದಲು ನೆನಪಾದದ್ದು ‘ಗೆಲಾಕ್ಸಿ ಜೂ’ ಯೋಜನೆ. ಅಲ್ಲಿ ಗೆಲಾಕ್ಸಿಗಳ ಚಿತ್ರಗಳನ್ನು ನೋಡಿ ವಿಂಗಡಿಸುತ್ತಿದ್ದ ಸ್ವಯಂಸೇವಕರಿಗೆ ಒಂದು ಬಗೆಯ ತಿರುವೇ ಹೆಚ್ಚಾಗಿ ಕಂಡಿತ್ತು. ಅದೇ ಚಿತ್ರಗಳನ್ನು ಕನ್ನಡಿಯಲ್ಲಿ ಹಿಡಿದಂತೆ ತಿರುಗುಮುರುಗು ಮಾಡಿ ತೋರಿಸಿದರೆ ಆಗಲೂ ಅದೇ ತಿರುವು! ವಾಲಿದ್ದು ಆಕಾಶವಲ್ಲ, ನೋಡುವ ಕಣ್ಣು. ಶಮೀರ್ ಎಣಿಸಿದ್ದು ಕಂಪ್ಯೂಟರ್ ಮೂಲಕ, ನಿಜ. ಆದರೂ 263 ಬಹಳ ಸಣ್ಣ ಸಂಖ್ಯೆ.

ಅದೇ ವರ್ಷ ಇಸ್ತ್ವಾನ್ ಸಪುದಿ ಅವರಿದ್ದ ತಂಡ, ವಿಶ್ವ ಹಿಗ್ಗುವ ವೇಗವನ್ನು ಎರಡು ವಿಧಾನಗಳಿಂದ ಅಳೆದಾಗ ಒಂದಕ್ಕೊಂದು ಹೊಂದದ ಎರಡು ಉತ್ತರ ಬರುವ ತಲೆನೋವನ್ನು ಅತಿ ನಿಧಾನದ ಸುತ್ತಿನಿಂದ ನಿವಾರಿಸಬಹುದು ಎಂದಿತು. 50,000 ಕೋಟಿ ವರ್ಷಕ್ಕೆ ಒಂದು ಸುತ್ತು ಎಂದು ಸುದ್ದಿಯಾಯಿತು. ಈ ವೇಗದಲ್ಲಾದರೆ 1,380 ಕೋಟಿ ವರ್ಷದ ನಮ್ಮ ವಿಶ್ವ ಈವರೆಗೆ ತಿರುಗಿರುವುದು ಹತ್ತು ಡಿಗ್ರಿ. ನಿಧಾನ ಅನ್ನಿಸಬಹುದು, ಆದರೆ 2016ರ ಮಿತಿಗಿಂತ ಇದು ಕೋಟಿ ಪಟ್ಟಿಗೂ ಹೆಚ್ಚು. ಅವರದು ನ್ಯೂಟನ್ ರೀತಿಯ ಸರಳ ಲೆಕ್ಕ. ಐನ್‌ಸ್ಟೈನ್ ಸಮೀಕರಣಗಳಲ್ಲಿ ಅದನ್ನು ಕೂರಿಸಿ, ಆ ಹಳೆಯ ಬೆಳಕಿನಲ್ಲಿ ಸುರುಳಿ ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಅವರು ಉತ್ತರ ಕೊಡುವವರೆಗೆ ನಾನು ‘ಇಲ್ಲ’ ಎನ್ನುವವರ ಸಾಲಿನಲ್ಲೇ ನಿಲ್ಲುತ್ತೇನೆ.

ಗೆಳೆಯರಿಗೆ ಈ ಪುಟ ತೋರಿಸುವ ಮುನ್ನ, ಧ್ರುವದ ಲೋಲಕ ಸುತ್ತು ಮುಗಿಸಲು ನಾಲ್ಕು ನಿಮಿಷ ಕಡಿಮೆ ಯಾಕೆ ತೆಗೆದುಕೊಳ್ಳುತ್ತದೆ ಎಂದು ಒಮ್ಮೆ ಕೇಳಿ ನೋಡಿ. ಅವರ ಉತ್ತರವನ್ನೂ ಬರೆದು ಕಳುಹಿಸಿದರೆ ಪ್ರಕಟಿಸುತ್ತೇವೆ.

– ಸಂ.