ಬ್ರಹ್ಮಾಂಡ ಶುರುವಾಯಿತು ಅಂದಮೇಲೆ ಶುರು ಮಾಡಿದವನು ಇರಲೇಬೇಕಾ?

ನೀವು ಕೇಳಿರುವುದು ಇಷ್ಟು: ಬ್ರಹ್ಮಾಂಡಕ್ಕೆ ಒಂದು ಶುರು ಇದೆ ಅಂತ ವಿಜ್ಞಾನವೇ ಹೇಳುತ್ತಿದೆ, ಹಾಗಾದರೆ ಅದನ್ನು ಶುರು ಮಾಡಿದವನೂ ಇರಲೇಬೇಕಲ್ವಾ? ಓದಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ನಾನು ಬೇಲೂರಿನವನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚದೆ ಮನೆ ಬಿಡುವವನಲ್ಲ. ಆದರೂ ನಿಮ್ಮ ಪ್ರಶ್ನೆಗೆ ಹೌದು ಅನ್ನಲು ನನ್ನಿಂದ ಆಗುವುದಿಲ್ಲ. ದೇವರಿಲ್ಲ ಅಂತ ಹೇಳುತ್ತಿಲ್ಲ. ಬ್ರಹ್ಮಾಂಡದ ಶುರುವನ್ನು ತೋರಿಸಿ ದೇವರಿದ್ದಾನೆ ಅಂತ ಸಾಧಿಸಲು ಬರುವುದಿಲ್ಲ ಅಂತ ಹೇಳುತ್ತಿದ್ದೇನೆ.

ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳನ್ನು ನಮ್ಮೂರ ಚೆನ್ನಕೇಶವನ ಗುಡಿಗೆ ಕರೆದುಕೊಂಡು ಹೋಗುತ್ತೇನೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಸೂರಿನ ಕೆಳಗೆ ಮದನಿಕೆಯರು ನಿಂತಿದ್ದಾರಲ್ಲ, ಅವರಲ್ಲಿ ಕೆಲವರ ಪೀಠದ ಮೇಲೆ ಕೆತ್ತಿದವರ ಹೆಸರೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷದ ಹಿಂದಿನ ಅಪ್ಪ ಮಗ. ಆ ಅಕ್ಷರಗಳನ್ನು ತೋರಿಸುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಹೆಸರು ಹಾಕದೇ ಇದ್ದಿದ್ರೂ ಯಾರೋ ಕೆತ್ತಿದ್ದು ಅಂತ ಗೊತ್ತಾಗ್ತಿತ್ತಲ್ವಾ? ಹಂಗೇ ಭೂಮಿ, ನಕ್ಷತ್ರ ಎಲ್ಲಾನೂ ಯಾರೋ ಮಾಡಿದ್ದೇ ತಾನೆ?"

ಒಳ್ಳೆಯ ಪ್ರಶ್ನೆ. ಅವಳಿಗೆ ತಕ್ಷಣ ಉತ್ತರ ಕೊಡಲಿಲ್ಲ. ಊಟದ ಹೊತ್ತಿಗೆ ಯಗಚಿ ದಡಕ್ಕೆ ಹೋದೆವು. ಅಲ್ಲಿ ಬಿದ್ದಿದ್ದ ಒಂದು ಗುಂಡುಕಲ್ಲನ್ನು ಅವಳ ಕೈಗೆ ಕೊಟ್ಟೆ. ಇದನ್ನು ಯಾರೂ ಕೆತ್ತಿಲ್ಲ ಅಂತ ಹೇಗೆ ಗೊತ್ತು? ನೀರಿಗೆ ಉರುಳಿ ಸವೆದ ಕಲ್ಲು ಹೇಗಿರುತ್ತದೆ ಅಂತ ನೋಡಿದ್ದೇವೆ. ಉಳಿ ಸುತ್ತಿಗೆ ಹಿಡಿದು ಕೂತವರನ್ನೂ ನೋಡಿದ್ದೇವೆ. ಮುಟ್ಟಿದ ಕಲ್ಲು, ಮುಟ್ಟದ ಕಲ್ಲು ಎರಡೂ ಕಣ್ಣ ಮುಂದೆ ಇರುವುದರಿಂದ ವ್ಯತ್ಯಾಸ ಗೊತ್ತಾಗುತ್ತದೆ. ಬ್ರಹ್ಮಾಂಡ ಇರುವುದು ಒಂದೇ. ಯಾರೂ ಮಾಡದೆ ತಾನಾಗೇ ಆದ ಇನ್ನೊಂದು ಬ್ರಹ್ಮಾಂಡವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ನಮ್ಮ ಹತ್ತಿರ ಇಲ್ಲ.

ಇನ್ನೂ ಒಂದಿದೆ. ದಾಸೋಜ ಬಳಪದ ಕಲ್ಲನ್ನು ಕೆತ್ತಿದ, ಕಲ್ಲನ್ನೇ ಹುಟ್ಟಿಸಲಿಲ್ಲ. ಕುಂಬಾರನೂ ಅಷ್ಟೇ, ಮಣ್ಣು ಮೊದಲೇ ಇತ್ತು. ನಾವು ಕಂಡಿರುವ ಮಾಡುವ ಕೆಲಸವೆಲ್ಲ ಇದ್ದದ್ದನ್ನು ಬೇರೆ ಥರ ಮಾಡುವುದು. ಏನೂ ಇಲ್ಲದೆ ಏನೋ ಆಗುವುದನ್ನು ಯಾರೂ ಕಂಡಿಲ್ಲ. ಹಾಗಿರುವಾಗ ಕುಂಬಾರನ ಲೆಕ್ಕವನ್ನು ಅಲ್ಲಿಗೆ ಒಯ್ಯುವುದು ಹೇಗೆ?

ಇನ್ನು ವಿಜ್ಞಾನ ನಿಜಕ್ಕೂ ಏನು ಹೇಳುತ್ತದೆ ನೋಡಿ. ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ ಅಂತ 1929ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹಬಲ್ ಲೆಕ್ಕ ಸಮೇತ ತೋರಿಸಿದರು. 1964ರಲ್ಲಿ ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾದಲ್ಲಿ ಆಕಾಶದ ಎಲ್ಲ ಕಡೆಯಿಂದಲೂ ಸಮನಾಗಿ ಒಂದು ಗುಂಯ್‌ಗುಟ್ಟುವಿಕೆ ಸಿಕ್ಕಿತು. ಅದು ಹಳೆಯ ಕಾವಿನ ಉಳಿಕೆ. ಈಗ ಸೊನ್ನೆಗಿಂತ 270 ಡಿಗ್ರಿ ಕೆಳಗೆ ತಣ್ಣಗಾಗಿದೆ. ಸುಮಾರು 1380 ಕೋಟಿ ವರ್ಷದ ಹಿಂದೆ ಎಲ್ಲವೂ ತೀರಾ ಬಿಸಿಯಾಗಿ, ತೀರಾ ಒತ್ತೊತ್ತಾಗಿ ಇತ್ತು, ಆಮೇಲೆ ಹಿಗ್ಗುತ್ತಾ ಬಂತು. ಬಿಗ್ ಬ್ಯಾಂಗ್ ಅಂದರೆ ಇಷ್ಟೇ. ಅದಕ್ಕೂ ಹಿಂದಕ್ಕೆ ಹೋಗಲು ನೋಡಿದರೆ ನಮ್ಮ ಸಮೀಕರಣಗಳೇ ಕೈ ಕೊಡುತ್ತವೆ. ಏನೂ ಇಲ್ಲದಿರುವುದರಿಂದ ಬ್ರಹ್ಮಾಂಡ ಹುಟ್ಟಿತು ಅಂತ ವಿಜ್ಞಾನ ಸಾಧಿಸಿಲ್ಲ. ಈ ಒಂದು ಮಾತನ್ನು ಜಾಸ್ತಿ ಜನ ಗಮನಿಸುವುದಿಲ್ಲ.

ಈ ಸಿದ್ಧಾಂತವನ್ನು ಮೊದಲು ಮುಂದಿಟ್ಟವರು ಯಾರು ಗೊತ್ತಾ? ಜಾರ್ಜ್ ಲೆಮೈತ್ರ್. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ದೊಡ್ಡ ಭೌತವಿಜ್ಞಾನಿ. 1927ರಲ್ಲೇ ಬ್ರಹ್ಮಾಂಡ ಹಿಗ್ಗುತ್ತಿದೆ ಅಂತ ಬರೆದರು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರು ಈ ಸಿದ್ಧಾಂತ ಸೃಷ್ಟಿಕರ್ತನ ಕಡೆಗೇ ಕೈ ತೋರಿಸುತ್ತಿದೆ ಅನ್ನುವ ಅರ್ಥದಲ್ಲಿ ಭಾಷಣ ಮಾಡಿದರು. ಪಾದ್ರಿಗೆ ಖುಷಿಯಾಗಬೇಕಿತ್ತಲ್ವಾ? ಲೆಮೈತ್ರ್ ಅವರಿಗೆ ಅದು ಹಿಡಿಸಲಿಲ್ಲ. ನನ್ನ ಸಿದ್ಧಾಂತಕ್ಕೂ ಧರ್ಮದ ಪ್ರಶ್ನೆಗೂ ಸಂಬಂಧವಿಲ್ಲ ಅನ್ನುವುದು ಅವರ ನಿಲುವು.

ಇನ್ನೊಂದು ಕಡೆ ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್. ದೇವರನ್ನು ನಂಬದವರು. 1949ರಲ್ಲಿ ರೇಡಿಯೋದಲ್ಲಿ ಮಾತಾಡುತ್ತಾ ಬಿಗ್ ಬ್ಯಾಂಗ್ ಅನ್ನುವ ಹೆಸರು ಕೊಟ್ಟವರೂ ಅವರೇ, ಅದನ್ನು ಕೊನೆಯವರೆಗೂ ಒಪ್ಪದವರೂ ಅವರೇ. ನಕ್ಷತ್ರದ ಒಡಲಲ್ಲಿ ಮೂರು ಹೀಲಿಯಂ ಸೇರಿ ಕಾರ್ಬನ್ ಆಗಬೇಕಾದರೆ ಕಾರ್ಬನ್ನಿಗೆ ಒಂದು ನಿರ್ದಿಷ್ಟ ಶಕ್ತಿಮಟ್ಟ ಇರಲೇಬೇಕು ಅಂತ 1953ರಲ್ಲಿ ಅವರು ಮುಂಚೆಯೇ ಹೇಳಿದರು. ಪ್ರಯೋಗ ಮಾಡಿ ನೋಡಿದಾಗ ಅದು ಇತ್ತು. ಅದು ಇರದಿದ್ದರೆ ನಮ್ಮ ಮೈಯಲ್ಲಿರುವ ಕಾರ್ಬನ್ ಈ ಪ್ರಮಾಣದಲ್ಲಿ ಹುಟ್ಟುತ್ತಲೇ ಇರಲಿಲ್ಲ. ಯಾವುದೋ ದೊಡ್ಡ ಬುದ್ಧಿ ಭೌತಶಾಸ್ತ್ರದಲ್ಲಿ ಕೈಯಾಡಿಸಿದ ಹಾಗಿದೆ ಅಂತ ಹಾಯ್ಲ್ ಅವರೇ ಮುಂದೆ ಬರೆದರು. ನಿಮ್ಮ ಪರವಾಗಿ ಇರುವ ವಾದಗಳಲ್ಲಿ ಗಟ್ಟಿಯಾದದ್ದು ಇದೇ. ಇದು ನನ್ನನ್ನೂ ಎಷ್ಟೋ ರಾತ್ರಿ ಎಬ್ಬಿಸಿ ಕೂರಿಸಿದೆ. ಆದರೆ ಅದೇ ಆಕಾಶ ನೋಡಿ ಪಾದ್ರಿ ಒಂದು ಹೇಳಿದರು, ನಾಸ್ತಿಕ ಇನ್ನೊಂದು ಹೇಳಿದರು. ಪುರಾವೆ ಎಳೆದುಕೊಂಡು ಹೋದ ಕಡೆ ಇಬ್ಬರೂ ಹೋಗಿದ್ದರೆ ಹೀಗಾಗುತ್ತಿತ್ತಾ?

ನಮ್ಮ ಹಾಸನ ಜಿಲ್ಲೆಯಲ್ಲೇ ಈ ಚರ್ಚೆ ಹಳೆಯದು. ಬೇಲೂರಿನ ಶಾಸನದಲ್ಲಿ ಒಂದು ಶ್ಲೋಕವಿದೆ. ಶೈವರು ಶಿವ ಅಂತ, ನೈಯಾಯಿಕರು, ಅಂದರೆ ತರ್ಕವನ್ನೇ ನೆಚ್ಚಿದ ನ್ಯಾಯ ದರ್ಶನದವರು, ಕರ್ತ ಅಂತ, ಜೈನರು ಅರ್ಹತ ಅಂತ, ವೇದದ ಕರ್ಮಗಳೇ ಮುಖ್ಯ ಅನ್ನುವ ಮೀಮಾಂಸಕರು ಕರ್ಮ ಅಂತ ಯಾರನ್ನು ಕರೆಯುತ್ತಾರೋ ಆ ಕೇಶವ ನಿಮ್ಮ ಇಷ್ಟಾರ್ಥ ಈಡೇರಿಸಲಿ ಅಂತ ಅದರ ಅರ್ಥ. ಗಮನಿಸಿ, ಇಷ್ಟು ಜನರಲ್ಲಿ ಮಾಡಿದವನು ಅಂತ ಕರೆದವರು ನೈಯಾಯಿಕರು. ಇಲ್ಲಿಂದ ಎರಡು ಮೂರು ಗಂಟೆ ಬಸ್ಸಿನ ದಾರಿಯಲ್ಲಿ ಶ್ರವಣಬೆಳಗೊಳ. ಅಲ್ಲಿಯ ಜೈನ ಧರ್ಮದಲ್ಲಿ ಜಗತ್ತನ್ನು ಮಾಡಿದವನೇ ಇಲ್ಲ, ಅದು ಯಾವಾಗಲೂ ಇದ್ದದ್ದು. ಮಾಡಿದ ಅನ್ನುವುದಾದರೆ ಮಾಡುವುದಕ್ಕೆ ಮುಂಚೆ ಅವನು ಎಲ್ಲಿದ್ದ, ಯಾವ ಸಾಮಾನು ಇಟ್ಟುಕೊಂಡು ಮಾಡಿದ ಅಂತ 9ನೇ ಶತಮಾನದಲ್ಲೇ ಜೈನ ಗುರು ಜಿನಸೇನಾಚಾರ್ಯರು ಕೇಳಿದ್ದರು. ಆದರೂ ಬೆಟ್ಟದ ಮೇಲೆ ಬಾಹುಬಲಿಯ ಮುಂದೆ ನಿಂತವರ ಭಕ್ತಿಗೆ ಏನು ಕಡಿಮೆಯಾಗಿದೆ? ನಾನೂ ಎಷ್ಟೋ ಸಲ ಅಲ್ಲಿ ಕೈ ಮುಗಿದು ನಿಂತಿದ್ದೇನೆ.

ನನ್ನ ನಂಬಿಕೆ ಆ ಮೊದಲ ಕ್ಷಣದ ಮೇಲೆ ನಿಂತಿಲ್ಲ. ಅದನ್ನು ನಾನು ಕಲಿತದ್ದು ಅಜ್ಜಿಯಿಂದ. ಅವರ ಕೆನ್ನೆ ತುಂಬ ಸಿಡುಬಿನ ಕಲೆಗಳಿದ್ದವು. ಚಿಕ್ಕವನಿದ್ದಾಗ ತೊಡೆ ಮೇಲೆ ಕೂತು ಬೆರಳಿಟ್ಟು ಎಣಿಸುತ್ತಿದ್ದೆ. ಅವರ ಕಾಲದಲ್ಲಿ ಸಿಡುಬು ಅಂದರೆ ಮೈಮೇಲೆ ಅಮ್ಮ ಬಂದಿದ್ದಾಳೆ ಅಂತ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಆಮೇಲೆ ಅದು ವೈರಸ್ಸಿನಿಂದ ಬರುವ ಕಾಯಿಲೆ ಅಂತ ಊರಿಗೆಲ್ಲ ತಿಳಿಯಿತು. 1975ರ ನಂತರ ನಮ್ಮ ದೇಶದಲ್ಲಿ ಅದು ಕಾಣಲಿಲ್ಲ. 1980ರಲ್ಲಿ ಇಡೀ ಪ್ರಪಂಚದಿಂದಲೇ ಹೋಯಿತು ಅಂತ ಸಾರಿದರು. ಕಾರಣ ಗೊತ್ತಾಯಿತು ಅಂತ ಅಜ್ಜಿಗೆ ಮಾರಮ್ಮ ದೂರವಾಗಲಿಲ್ಲ. ನನಗೆ ಲಸಿಕೆ ಹಾಕಿಸಲು ಕೈ ಹಿಡಿದು ಕರೆದುಕೊಂಡು ಹೋದವರೂ ಅವರೇ. ಹಾಕಿಸಿಕೊಂಡು ವಾಪಸ್ಸು ಬರುವಾಗ ನಾನು ಅಳುತ್ತಿದ್ದೆ. ದಾರಿಯಲ್ಲಿ ಮಾರಮ್ಮನ ಗುಡಿ ಮುಂದೆ ನಿಲ್ಲಿಸಿ, ನೋಯುತ್ತಿದ್ದ ತೋಳಿಗೆ ಕುಂಕುಮ ತಾಗದ ಹಾಗೆ ನೋಡಿಕೊಂಡು, ಹಣೆಗೆ ಇಟ್ಟರು. ಆ ಲಸಿಕೆಯ ಗುರುತು ಇವತ್ತಿಗೂ ನನ್ನ ಎಡತೋಳಿನ ಮೇಲಿದೆ.